ತಣ್ಣೀರಿನ ಮೊದಲ ನಿಮಿಷ: ಮೈಯನ್ನು ಹಂತಹಂತವಾಗಿ ಪಳಗಿಸುವ ಬಗೆ

ನಮ್ಮ ಪಕ್ಕದ ಮನೆಯ ಅಣ್ಣ ಪ್ರತಿ ವರ್ಷ ನವೆಂಬರ್ ಮಧ್ಯದಲ್ಲಿ ಅಯ್ಯಪ್ಪನ ಮಾಲೆ ಹಾಕುತ್ತಾರೆ. ನಲವತ್ತೊಂದು ದಿನ, ದಿನಕ್ಕೆ ಎರಡು ಸಲ ತಣ್ಣೀರು ಸ್ನಾನ. ಬೆಳಗಿನ ಜಾವ ಐದಕ್ಕೆ ಹಿತ್ತಿಲ ನಲ್ಲಿಯ ಹತ್ತಿರ ಬಕೆಟ್ ಇಟ್ಟುಕೊಂಡು ನಿಂತರೆ ಅವರ ದನಿ ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಹೋದ ವರ್ಷ ಮೊದಲ ದಿನ, ಮೊದಲ ಚೊಂಬು ಹೆಗಲಿಗೆ ಬಿದ್ದಾಗ "ಸ್ವಾಮಿಯೇ" ಅಂದವರು ಅಲ್ಲೇ ನಿಂತುಬಿಟ್ಟರು. ಹಾ, ಹಾ, ಹಾ ಎಂದು ಮೂರು ಸಲ ಉಸಿರು ಎಳೆದುಕೊಂಡ ಮೇಲೆಯೇ "ಶರಣಂ" ಹೊರಬಂತು. "ಅಯ್ಯಪ್ಪ" ಎನ್ನುವಾಗ ಹಲ್ಲು ಕಟಕಟ. ಎಂಟನೇ ದಿನಕ್ಕೆ ಅದೇ ನಲ್ಲಿ, ಅದೇ ಬಕೆಟ್, ಚಳಿ ಇನ್ನೊಂದಿಷ್ಟು ಜಾಸ್ತಿ. ಘೋಷ ಮಾತ್ರ ಎಲ್ಲೂ ಕಡಿಯದೆ ಒಂದೇ ಉಸಿರಿಗೆ ಬಂತು.

ಆ ಒಂದು ವಾರದಲ್ಲಿ ಅವರ ಚರ್ಮ ದಪ್ಪವಾಗಲಿಲ್ಲ, ನೀರು ಬೆಚ್ಚಗಾಗಲಿಲ್ಲ. ಪಳಗಿದ್ದು ಉಸಿರು. ತಣ್ಣೀರು ಸ್ನಾನ ಶುರುಮಾಡಬೇಕು ಎನ್ನುವವರಿಗೆ ನಾನು ಹೇಳುವುದೂ ಇದನ್ನೇ: ಎಷ್ಟು ತಣ್ಣಗಿನ ನೀರು, ಎಷ್ಟು ಹೊತ್ತು ಎಂಬ ಪಂದ್ಯ ಬಿಡಿ. ಮೊದಲ ಒಂದು ನಿಮಿಷ ಉಸಿರನ್ನು ಹಿಡಿತಕ್ಕೆ ತರುವುದು ಕಲಿಯಿರಿ. ತಣ್ಣೀರಿನ ಅಪಾಯದ ಬಹುಪಾಲು ಆ ನಿಮಿಷದಲ್ಲೇ ಇದೆ, ಪಳಗುವಿಕೆಯೂ ಅಲ್ಲಿಂದಲೇ ಶುರುವಾಗುತ್ತದೆ.

ನೀರು ಬಿದ್ದ ಕೂಡಲೇ ಮೈಯಲ್ಲಿ ನಡೆಯುವುದು

ಚರ್ಮದ ನರಗಳ ತುದಿಯಲ್ಲಿ ತಂಪನ್ನು ಗುರುತಿಸುವ ಒಂದು ಪ್ರೋಟೀನ್ ಇದೆ, ಹೆಸರು ಟಿಆರ್‌ಪಿಎಂ8. ಪುದೀನ ಅಗಿದಾಗ ಬಾಯೆಲ್ಲ ತಣ್ಣಗಾದಂತೆ ಅನಿಸುವುದೂ ಇದರಿಂದಲೇ. ಪುದೀನದ ಮೆಂಥಾಲ್ ತಂಪಿಲ್ಲದಿದ್ದರೂ ಅದೇ ಕದವನ್ನು ತಟ್ಟುತ್ತದೆ. ತಣ್ಣೀರು ಮೈಮೇಲೆ ಸುರಿದಾಗ ಇಂಥ ಲಕ್ಷಾಂತರ ಕದಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಮಿದುಳಿನ ಕಾಂಡಕ್ಕೆ ಸುದ್ದಿ ಮುಟ್ಟಿದ್ದೇ ತಡ, ನಿಮ್ಮನ್ನು ಕೇಳದೆಯೇ ಒಂದು ದೊಡ್ಡ ಉಸಿರು ಒಳಗೆ ನುಗ್ಗುತ್ತದೆ. ಆಮೇಲೆ ಏದುಸಿರು, ಎದೆ ಡವಡವ, ಕೈಕಾಲಿನ ರಕ್ತನಾಳಗಳು ಬಿಗಿದುಕೊಂಡು ರಕ್ತದೊತ್ತಡ ಜಿಗಿಯುತ್ತದೆ. ಇದಕ್ಕೆ ಕೋಲ್ಡ್ ಶಾಕ್ ಎನ್ನುತ್ತಾರೆ.

ಈ ಆಘಾತ ಮೊದಲ ಅರ್ಧ ನಿಮಿಷದಲ್ಲಿ ತುದಿಗೇರಿ, ಎರಡು ಮೂರು ನಿಮಿಷದಲ್ಲಿ ಇಳಿದುಹೋಗುತ್ತದೆ. ನೀರು ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಶುರುವಾಗಿ, 10ರಿಂದ 15 ಡಿಗ್ರಿಯ ನಡುವೆ ಪೂರ್ತಿ ಜೋರಿಗೆ ಬರುತ್ತದೆ. ಅಲ್ಲಿಂದ ಕೆಳಗೆ ಹೋದರೆ ಆಘಾತ ಹೆಚ್ಚುವುದಕ್ಕಿಂತ ನೋವು ಹೆಚ್ಚುತ್ತದೆ. ಹೊಸಬರು ಐಸ್ ಹುಡುಕಿಕೊಂಡು ಹೋಗಬೇಕಾಗಿಲ್ಲ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ತಲೆ ಮುಳುಗಿರುವಾಗ ಆ ಮೊದಲ ಉಸಿರು ಎಳೆದುಕೊಂಡರೆ ಒಳಗೆ ಹೋಗುವುದು ಗಾಳಿಯಲ್ಲ, ನೀರು. ತಣ್ಣಗಿನ ಕೆರೆ, ನದಿಗೆ ಬಿದ್ದವರಲ್ಲಿ ಅನೇಕರು ಮೈ ತಣ್ಣಗಾಗುವುದಕ್ಕೆ ಮೊದಲೇ, ದಡದ ಹತ್ತಿರವೇ, ಈಜು ಬಂದರೂ ಮುಳುಗುವುದು ಹೀಗೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ನೆನಪಿಡಲು ಮೂರು ಅಂಕಿ ಕೊಟ್ಟಿದ್ದಾರೆ: ಒಂದು, ಹತ್ತು, ಒಂದು. ಹಿಮದಂಥ ನೀರಿಗೆ ಬಿದ್ದರೆ ಉಸಿರು ಹಿಡಿತಕ್ಕೆ ತರಲು ಒಂದು ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಜನ ಹೆದರುವುದು ಕೊನೆಯ ಒಂದಕ್ಕೆ, ಹೆದರಬೇಕಾದ್ದು ಮೊದಲ ಒಂದಕ್ಕೆ.

ಮುಖದ್ದು ಬೇರೆಯೇ ಕಥೆ. ಮುಖಕ್ಕೆ ತಣ್ಣೀರು ಬಿದ್ದು ಉಸಿರು ಹಿಡಿದರೆ ಹೃದಯ ನಿಧಾನವಾಗುತ್ತದೆ. ಸೀಲ್, ತಿಮಿಂಗಿಲಗಳಲ್ಲಿ ಬಲವಾಗಿರುವ ಮುಳುಗು ಪ್ರತಿಕ್ರಿಯೆ ನಮ್ಮಲ್ಲೂ ಅಷ್ಟಿಷ್ಟು ಉಳಿದಿದೆ. ಮೈಮೇಲಿನ ತಣ್ಣೀರು ಹೃದಯಕ್ಕೆ "ಓಡು" ಎನ್ನುವಾಗ ಮುಖದ ಮೇಲಿನ ತಣ್ಣೀರು "ನಿಲ್ಲು" ಎನ್ನುತ್ತದೆ. ಎರಡು ಆಜ್ಞೆ ಒಟ್ಟಿಗೆ ಬಂದಾಗ ಬಡಿತದ ಲಯ ತಪ್ಪಬಹುದು. ಗಟ್ಟಿ ಹೃದಯಕ್ಕೆ ಅದು ಗೊತ್ತೂ ಆಗುವುದಿಲ್ಲ. ಮೊದಲೇ ತೊಂದರೆಯಿರುವ ಹೃದಯಕ್ಕೆ ಅದು ಸಣ್ಣ ಮಾತಲ್ಲ. ಉಸಿರು ಬಿಗಿಹಿಡಿದು ತಲೆ ಮುಳುಗಿಸುವ ಆಟ ಬೇಡವೇ ಬೇಡ.

ಬಕೆಟ್ ಹಿಡಿಯುವ ಮೊದಲು

ನಮ್ಮ ಸೋದರಮಾವನಿಗೆ ಅರವತ್ತೆರಡು ವರ್ಷ, ಬಿಪಿ ಮಾತ್ರೆ ನುಂಗುತ್ತಾರೆ. ಒಂದು ಜನವರಿಯಲ್ಲಿ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಯಾರಿಗೂ ಹೇಳದೆ, ಬೆಳಗಿನ ಜಾವ ಟ್ಯಾಂಕಿನ ನೀರನ್ನು ಇಡೀ ಬಕೆಟ್ ಎತ್ತಿ ನೆತ್ತಿಯ ಮೇಲೆ ಸುರಿದುಕೊಂಡರು. ಕಣ್ಣು ಕತ್ತಲಿಟ್ಟು ಬಚ್ಚಲಲ್ಲೇ ಕುಸಿದು ಕೂತರು. ಒಳಗಿನಿಂದ ಚಿಲಕ ಹಾಕಿದ್ದರು. ಹೊರಗೆ ಅತ್ತೆ ಬಾಗಿಲು ಬಡಿಯುತ್ತಿದ್ದಾರೆ, ಒಳಗೆ ಇವರಿಗೆ ಕೈ ಎತ್ತಲಾಗುತ್ತಿಲ್ಲ. ಐದು ನಿಮಿಷದಲ್ಲಿ ಸುಧಾರಿಸಿಕೊಂಡು ಅವರೇ ಬಾಗಿಲು ತೆಗೆದರು, ಆಸ್ಪತ್ರೆಯಲ್ಲಿ ಇಸಿಜಿಯೂ ಸರಿಯಾಗೇ ಬಂತು. ಆದರೆ ಆ ಐದು ನಿಮಿಷ ನಮ್ಮ ಮನೆಯಲ್ಲಿ ಇನ್ನೂ ಯಾರಿಗೂ ಮರೆತಿಲ್ಲ.

ಆದ್ದರಿಂದ ಈ ಮಾತನ್ನು ದಯವಿಟ್ಟು ಹಾರಿಸಿ ಓದಬೇಡಿ. ಹೃದಯದ ಕಾಯಿಲೆ, ಸ್ಟೆಂಟ್, ಬಡಿತದ ಏರುಪೇರು, ಹಿಡಿತಕ್ಕೆ ಬಾರದ ಬಿಪಿ, ಹಿಂದೆ ಪಾರ್ಶ್ವವಾಯು, ಅಪಸ್ಮಾರ, ಸುಲಭಕ್ಕೆ ಕೆರಳುವ ಆಸ್ತಮಾ, ಇವುಗಳಲ್ಲಿ ಯಾವುದಿದ್ದರೂ ನಿಮ್ಮ ವೈದ್ಯರು ಸರಿ ಎನ್ನುವವರೆಗೆ ತಣ್ಣೀರು ಬೇಡ. ಬಸುರಿಯರೂ ವೈದ್ಯರನ್ನು ಕೇಳದೆ ಶುರುಮಾಡಬಾರದು. ತಣ್ಣೀರು ತಾಗಿದ ಕಡೆಯೆಲ್ಲ ಗಂದೆ ಏಳುವವರಿದ್ದಾರೆ. ಅಂಥವರಿಗೆ ಇಡೀ ಮೈಗೆ ನೀರು ಬಿದ್ದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಚಳಿಗೆ ಬೆರಳ ತುದಿ ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಯಾಗುವ ರೇನಾಡ್ ತೊಂದರೆಯವರಿಗೂ ಇದು ಹಿಡಿಸುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಐಸ್ ಇರುವ ನೀರಲ್ಲಿ ಕಾಲಿಡಲೇಬಾರದು, ಚರ್ಮಕ್ಕೆ ಏಟಾದದ್ದು ಗೊತ್ತಾಗುವುದಿಲ್ಲ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಎಂಬ ಮಾತ್ರೆ ತೆಗೆದುಕೊಳ್ಳುವವರ ಹೃದಯ ಚಳಿಗೆ ಸ್ಪಂದಿಸುವ ರೀತಿಯೇ ಬದಲಾಗಿರುತ್ತದೆ, ಅವರೂ ಕೇಳಿಯೇ ಮುಂದುವರಿಯಲಿ.

ಮನೆಯಲ್ಲಿ ಬಿಪಿ ನೋಡುವ ಮೆಷೀನ್ ಇದ್ದರೆ ಮೂರು ದಿನ ಬೆಳಿಗ್ಗೆ ನೋಡಿ ಬರೆದಿಡಿ. 140/90ರ ಮೇಲಿದ್ದರೆ ಮೊದಲು ವೈದ್ಯರ ಬಳಿ ಹೋಗಿ. ಮಕ್ಕಳಿಗೆ ಬಲವಂತ ಮಾಡಬೇಡಿ, ತೂಕಕ್ಕೆ ಹೋಲಿಸಿದರೆ ಅವರ ಮೈಯ ಹೊರಮೈ ಹೆಚ್ಚು, ಬಹಳ ಬೇಗ ತಣ್ಣಗಾಗುತ್ತಾರೆ. ಜ್ವರ ಬಂದ ದಿನ, ರಾತ್ರಿ ನಿದ್ದೆ ಕೆಟ್ಟ ದಿನ, ಕುಡಿದ ಮರುದಿನ ರಜೆ. ಬಚ್ಚಲ ಬಾಗಿಲು ಮುಚ್ಚಿ, ಚಿಲಕ ಹಾಕಬೇಡಿ.

ನಿಮ್ಮ ತಣ್ಣೀರು ಎಷ್ಟು ತಣ್ಣಗಿದೆ?

ಇದನ್ನು ಅಳೆಯದೆ ಯಾರ ಸಲಹೆಯನ್ನೂ ಪಾಲಿಸಬೇಡಿ, ನನ್ನದನ್ನೂ ಸಹ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅದು ಇಷ್ಟು ಕೆಳಗಿನ ಅಂಕಿ ತೋರಿಸುವುದೇ ಇಲ್ಲ. ಅಡುಗೆಗೆ ಬಳಸುವ, ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಸಾಕು. ಬಕೆಟ್ ತುಂಬಿಸಿ, ಕಲಕಿ, ಕಡ್ಡಿಯನ್ನು ಅರ್ಧ ನಿಮಿಷ ನೀರಲ್ಲಿಟ್ಟು ಓದಿ.

ಮಲೆನಾಡಲ್ಲಿ ಬೆಳೆದವರಿಗೆ ಗೊತ್ತು, ಚಳಿಗಾಲದ ಬೆಳಿಗ್ಗೆ ಬಾವಿಯಿಂದ ಸೇದಿದ ನೀರು ಬೆಚ್ಚಗಿರುತ್ತದೆ, ಕೊಡದ ಮೇಲೆ ಸಣ್ಣಗೆ ಹಬೆಯೂ ಆಡುತ್ತದೆ. ನೆಲದೊಳಗಿನ ನೀರು ಆ ಊರಿನ ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲಿರುತ್ತದೆ, ಬೇಸಿಗೆ ಚಳಿಗಾಲ ಎಂದು ಹೆಚ್ಚು ಬದಲಾಗುವುದಿಲ್ಲ. ಹೊರಗಿನ ಗಾಳಿ ತಣ್ಣಗಾದಾಗ ಅದು ಬೆಚ್ಚಗೆ ಅನಿಸುತ್ತದೆ, ಅಷ್ಟೇ. ತಾರಸಿಯ ಸಿಂಟೆಕ್ಸ್ ಟ್ಯಾಂಕಿನ ನೀರು ಹಾಗಲ್ಲ, ರಾತ್ರಿಯಿಡೀ ಗಾಳಿಗೆ ಒಡ್ಡಿಕೊಂಡು ತಣ್ಣಗಾಗಿರುತ್ತದೆ. ನಮ್ಮ ಮನೆಯಲ್ಲಿ ಒಂದೇ ಡಿಸೆಂಬರ್ ಬೆಳಿಗ್ಗೆ ಬೋರ್‌ವೆಲ್ ನೀರು 25 ಡಿಗ್ರಿ, ಟ್ಯಾಂಕಿನದ್ದು 19 ಡಿಗ್ರಿ ತೋರಿಸಿತು. ಒಂದೇ ಮನೆಯ ಎರಡು ನಲ್ಲಿಗಳ ನಡುವೆ ಆರು ಡಿಗ್ರಿ ವ್ಯತ್ಯಾಸ! ಮಧ್ಯಾಹ್ನ ಎರಡಕ್ಕೆ ಅದೇ ಟ್ಯಾಂಕಿನ ನೀರು ಮೈ ಸುಡುವಷ್ಟು ಕಾದಿರುತ್ತದೆ.

ಹೋಲಿಕೆಗೆ ಒಂದು ಅಂಕಿ: ಕುತ್ತಿಗೆವರೆಗೆ ಮುಳುಗಿ ಸುಮ್ಮನೆ ಕೂತರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನಿಸುವುದು ಸುಮಾರು 35 ಡಿಗ್ರಿಯ ನೀರು. 25 ಡಿಗ್ರಿಯ ಗಾಳಿಯಲ್ಲಿ ಆರಾಮಾಗಿ ಇರುತ್ತೇವೆ, 25 ಡಿಗ್ರಿಯ ನೀರು ಜುಮ್ಮೆನಿಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಸೆಳೆಯುವುದೇ ಇದಕ್ಕೆ ಕಾರಣ.

ಮೊದಲ ವಾರ: ಬಿಸಿನೀರಿನ ಕೊನೆಗೆ ಹದಿನೈದು ಸೆಕೆಂಡು

ದಿನದಂತೆ ಬೆಚ್ಚಗಿನ ನೀರಲ್ಲೇ ಸ್ನಾನ ಮುಗಿಸಿ. ಪಕ್ಕದಲ್ಲಿ ಅರ್ಧ ಬಕೆಟ್ ತಣ್ಣೀರು ಇರಲಿ. ಮೊದಲ ಚೊಂಬು ಪಾದಕ್ಕೆ, ಎರಡನೆಯದು ಮೊಣಕಾಲಿಂದ ಕೆಳಗೆ, ಆಮೇಲೆ ತೊಡೆ, ಕೈ. ಇಲ್ಲಿ ನಿಂತು ಒಂದು ಉದ್ದನೆಯ ಉಸಿರು ಬಿಡಿ. ಎಳೆದುಕೊಳ್ಳುವುದರ ಬಗ್ಗೆ ಯೋಚಿಸಬೇಡಿ, ಅದನ್ನು ಮೈ ತಾನೇ ನೋಡಿಕೊಳ್ಳುತ್ತದೆ. ನಿಮ್ಮ ಕೆಲಸ ಬಿಡುವುದು ಮಾತ್ರ. ಉಸಿರು ಹೊರಹೋಗುತ್ತಿರುವಾಗಲೇ ಹೆಗಲಿಗೆ ಒಂದು ಚೊಂಬು ಹಾಕಿ. ಬೆನ್ನಿಗೆ ಬೀಳುವ ಚೊಂಬೇ ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೆ ಮೊದಲ ಎರಡು ದಿನ ಬಿಡುವು ಕೊಟ್ಟರೂ ಅಡ್ಡಿಯಿಲ್ಲ. ಮುಖ ಕೊನೆಗೆ. ತಲೆಗೆ ಈ ವಾರ ಬೇಡ.

ತಲೆಗೆ ಮೊದಲು ನೀರು ಹಾಕಿಕೊಂಡರೆ ಪಾರ್ಶ್ವವಾಯು ಬರುತ್ತದೆ ಎಂಬ ವಾಟ್ಸಪ್ ಸಂದೇಶ ಎಲ್ಲರಿಗೂ ಬಂದಿರುತ್ತದೆ. ಸ್ನಾನದ ಕ್ರಮವೊಂದರಿಂದಲೇ ಪಾರ್ಶ್ವವಾಯು ಬರುತ್ತದೆ ಎನ್ನಲು ವೈದ್ಯಕೀಯ ಆಧಾರವಿಲ್ಲ. ಆದರೆ ಹಠಾತ್ತನೆ ತಣ್ಣೀರು ಬಿದ್ದರೆ ಬಿಪಿ ಏರುವುದು ಖಂಡಿತ. "ಮೊದಲು ಕಾಲಿಗೆ ಹಾಕ್ಕೊ" ಎಂದು ಅಜ್ಜಿಯರು ಹೇಳುವ ಕ್ರಮ ಆ ಏರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬರುವಂತೆ ಮಾಡುತ್ತದೆ, ಉಸಿರಿಗೂ ಸಿದ್ಧವಾಗಲು ಸಮಯ ಸಿಗುತ್ತದೆ. ಅಷ್ಟರ ಮಟ್ಟಿಗೆ ಅಜ್ಜಿಯ ಮಾತೇ ಸರಿ.

ಉಸಿರು ಹಿಡಿತದಲ್ಲಿದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಡ, ಬಾಯಿ ಬಿಟ್ಟು ಏನಾದರೂ ಹೇಳಿ. ಶರಣು ಘೋಷವೋ, "ಗಂಗೇ ಚ ಯಮುನೇ ಚೈವ" ಎನ್ನುವುದೋ, ನಿಮ್ಮ ಮನೆಯ ವಿಳಾಸವೋ, ಹದಿನೇಳರ ಮಗ್ಗಿಯೋ, ಯಾವುದಾದರೂ ಸರಿ. ದನಿ ತುಂಡಾಗದೆ ಒಂದು ಸಾಲು ಪೂರ್ತಿ ಬಂದರೆ ಮುಂದಿನ ಚೊಂಬು. ತುಂಡಾದರೆ ಕಾಯಿರಿ. ಮಾತಾಡುವುದೆಂದರೆ ಉಸಿರನ್ನು ನಿಧಾನವಾಗಿ ಹೊರಬಿಡುವುದೇ. ನೀರು ಹುಯ್ದುಕೊಳ್ಳುತ್ತಾ ಶ್ಲೋಕ ಹೇಳುವ ರೂಢಿಯಿಂದ ಬಚ್ಚಲಲ್ಲಿ ಎಷ್ಟು ಜನರ ಏದುಸಿರು ತಾನಾಗಿ ಅಡಗಿದೆಯೋ ಎಂದು ನನಗೆ ಆಗಾಗ ಅನಿಸುತ್ತದೆ.

ಒಟ್ಟು ಹದಿನೈದರಿಂದ ಮೂವತ್ತು ಸೆಕೆಂಡು, ದಿನ ಬಿಡದೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಮತ್ತು ಸಂಗಡಿಗರು ಈ ಪಳಗುವಿಕೆಯನ್ನು ದಶಕಗಳ ಕಾಲ ಅಳೆದಿದ್ದಾರೆ. ಎರಡು ಮೂರು ನಿಮಿಷದ ಐದಾರು ಮುಳುಗುಗಳಲ್ಲೇ ಕೋಲ್ಡ್ ಶಾಕ್ ಸುಮಾರು ಅರ್ಧದಷ್ಟಕ್ಕೆ ಇಳಿಯುತ್ತದೆ. ಪಕ್ಕದ ಮನೆಯ ಅಣ್ಣನ ಎಂಟನೇ ದಿನ ನೆನಪಿದೆಯಲ್ಲ?

ಎರಡನೇ ವಾರದಿಂದ: ಹೊತ್ತು ಹೆಚ್ಚಿಸಿ, ತಣ್ಣಗೆ ಹೆಚ್ಚಿಸಬೇಡಿ

ಎರಡನೇ ವಾರ ಮೂವತ್ತು ಸೆಕೆಂಡು, ಮೂರನೇ ವಾರ ಒಂದು ನಿಮಿಷ, ನಾಲ್ಕನೇ ವಾರ ಬೇಕೆನಿಸಿದರೆ ಒಂದೂವರೆ. ಬೇಡವೆನಿಸಿದರೆ ಮೂವತ್ತರಲ್ಲೇ ನಿಲ್ಲಿ, ನಷ್ಟವಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 2015ರ ಚಳಿಗಾಲದಲ್ಲಿ 3,018 ಜನರ ಮೇಲೆ ಒಂದು ದೊಡ್ಡ ಪ್ರಯೋಗ ನಡೆದು, ಮರುವರ್ಷ ಅದರ ಫಲಿತಾಂಶ ಪ್ರಕಟವಾಯಿತು. ಬಿಸಿನೀರಿನ ಶವರಿನ ಕೊನೆಗೆ ಕೆಲವರಿಗೆ 30, ಕೆಲವರಿಗೆ 60, ಕೆಲವರಿಗೆ 90 ಸೆಕೆಂಡು ತಣ್ಣೀರು, ಒಂದು ತಿಂಗಳು. ತಣ್ಣೀರಿನ ಗುಂಪಿನವರು ಕಾಯಿಲೆಯೆಂದು ಕೆಲಸಕ್ಕೆ ರಜೆ ಹಾಕಿದ್ದು ಉಳಿದವರಿಗಿಂತ 29 ಶೇಕಡಾ ಕಡಿಮೆ. 30 ಸೆಕೆಂಡಿನವರಿಗೂ 90 ಸೆಕೆಂಡಿನವರಿಗೂ ಇದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ವಿಷಯವನ್ನು ಬಹಳ ಮಂದಿ ಬಿಟ್ಟೇ ಹೇಳುತ್ತಾರೆ: ಕಾಯಿಲೆ ಬಿದ್ದ ದಿನಗಳ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇತ್ತು. ನೆಗಡಿ ಬರುವುದು ನಿಲ್ಲಲಿಲ್ಲ, ಬಂದರೂ ಕೆಲಸಕ್ಕೆ ಹೋಗುವಷ್ಟು ಚೈತನ್ಯ ಉಳಿದಿತ್ತು.

ಎರಡನೇ ವಾರ ತಲೆಗೂ ಹಾಕಬಹುದು, ಆದರೆ ಕೊನೆಯ ಚೊಂಬಿಗೆ. ಉದ್ದ ಕೂದಲಿನವರು ವಾರಕ್ಕೆರಡು ಸಲ ಸಾಕು, ಒದ್ದೆ ಕೂದಲು ಹೊತ್ತು ಕೂರುವ ಚಳಿ ಸ್ನಾನದ ಚಳಿಗಿಂತ ಹೆಚ್ಚು ಕಾಡುತ್ತದೆ.

ನಾಲ್ಕು ವಾರ ಸಲೀಸಾಗಿ ಕಳೆದ ಮೇಲೂ ಇನ್ನೂ ತಣ್ಣಗೆ ಬೇಕು ಎನ್ನುವವರಿಗೆ ಐಸ್ ಲೆಕ್ಕ ಹೇಳುತ್ತೇನೆ. 15 ಲೀಟರಿನ ಬಕೆಟ್ ನೀರನ್ನು 24 ಡಿಗ್ರಿಯಿಂದ 15ಕ್ಕೆ ಇಳಿಸಲು ಸುಮಾರು ಒಂದೂವರೆ ಕಿಲೋ ಐಸ್ ಬೇಕು. ಡ್ರಮ್ಮಿನಲ್ಲಿ 200 ಲೀಟರ್ ನೀರಿದ್ದರೆ ಅಷ್ಟೇ ಇಳಿಸಲು 19 ಕಿಲೋ ಹತ್ತಿರ. ಜಿಮ್ಮಿನ ಹುಡುಗರು ಡ್ರಮ್ಮಿಗೆ ಎರಡು ಟ್ರೇ ಐಸ್ ಹಾಕಿ ಕೂತರೆ ನೀರು ಒಂದು ಡಿಗ್ರಿಯೂ ಇಳಿದಿರುವುದಿಲ್ಲ.

ಚೊಂಬಿನ ಸ್ನಾನವೇ ಬೇರೆ, ಡ್ರಮ್ಮಿನಲ್ಲಿ ಕೂರುವುದೇ ಬೇರೆ ಎಂಬುದೂ ತಲೆಯಲ್ಲಿರಲಿ. ಚೊಂಬಿನ ನೀರು ಬಿದ್ದು ಹರಿದುಹೋಗುತ್ತದೆ, ಎರಡು ಚೊಂಬಿನ ನಡುವೆ ಚರ್ಮಕ್ಕೆ ಉಸಿರಾಡಲು ಬಿಡುವಿದೆ. ಮುಳುಗಿ ಕೂತಾಗ ನೀರು ಎಲ್ಲ ಕಡೆಯಿಂದ ಒತ್ತಿ ಕಾಲಿನ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ. ರಕ್ತ ಜಾಸ್ತಿಯಾಯಿತೆಂದು ಮೈ ತಪ್ಪು ತಿಳಿದು ಮೂತ್ರಪಿಂಡಕ್ಕೆ ಕೆಲಸ ಹೇಳುತ್ತದೆ. ತಣ್ಣೀರಿಗೆ ಇಳಿದ ಕೂಡಲೇ ಮೂತ್ರಕ್ಕೆ ಅವಸರವಾಗುವುದು ಇದಕ್ಕೇ. ಡ್ರಮ್ಮಿಗೆ ಇಳಿಯುವುದಾದರೆ 15 ಡಿಗ್ರಿಗಿಂತ ಕೆಳಗೆ ಬೇಡ, ಎರಡು ನಿಮಿಷ ಮೀರಬೇಡಿ, ಎದುರಿಗೆ ಒಬ್ಬರು ನಿಂತಿರಬೇಕು. ಇಳಿಯುವಾಗ ಇದ್ದ ಕಾಲಿನ ಬಲ ಹತ್ತುವಾಗ ಇರುವುದಿಲ್ಲ, ಹಿಡಿದುಕೊಳ್ಳಲು ಗಟ್ಟಿಯಾದದ್ದೇನಾದರೂ ಪಕ್ಕದಲ್ಲಿರಲಿ.

ಹೊರಬಂದ ಮೇಲೆ

ಒಂದು ನಿಮಿಷದ ಬಕೆಟ್ ಸ್ನಾನಕ್ಕೆ ದೊಡ್ಡ ಉಪಚಾರ ಬೇಡ. ಒರೆಸಿಕೊಂಡು, ಬಟ್ಟೆ ಹಾಕಿಕೊಂಡು, ಹತ್ತು ಬಸ್ಕಿ ಹೊಡೆದರೆ ಮೈ ಕಾವೇರುತ್ತದೆ. ಚರ್ಮ ಕೆಂಪಾಗಿ, ಒಳಗಿನಿಂದ ಬೆಚ್ಚಗೆ ಅನಿಸತೊಡಗಿದರೆ ಎಲ್ಲ ಸರಿಯಿದೆ ಎಂದು ಅರ್ಥ.

ನಿಮಿಷಗಟ್ಟಲೆ ಮುಳುಗಿದ್ದವರ ವಿಷಯ ಬೇರೆ. ನೀರಿಂದ ಎದ್ದ ಮೇಲೂ ಹತ್ತಿಪ್ಪತ್ತು ನಿಮಿಷ ಒಳಮೈಯ ಉಷ್ಣತೆ ಇಳಿಯುತ್ತಲೇ ಇರುತ್ತದೆ. ನೀರಲ್ಲಿ ಆರಾಮಾಗಿದ್ದವರು ದಡದಲ್ಲಿ ಗಡಗಡ ನಡುಗುವುದು ಹೀಗೆ. ಒದ್ದೆ ಬಟ್ಟೆ ತಕ್ಷಣ ತೆಗೆಯಿರಿ, ಒಣ ಬಟ್ಟೆ ಮೊದಲು ಎದೆ ಹೊಟ್ಟೆಗೆ, ಆಮೇಲೆ ಟೋಪಿ, ಕಾಲುಚೀಲ. ಬಿಸಿ ಕಷಾಯವೋ ಹಾಲೋ ಕುಡಿಯಿರಿ. ಕುದಿಯುವಂಥ ನೀರಿನ ಶವರ್ ಕೆಳಗೆ ನಿಲ್ಲಬೇಡಿ, ಬಿಗಿದಿದ್ದ ರಕ್ತನಾಳಗಳು ಒಮ್ಮೆಲೇ ಸಡಿಲವಾಗಿ ತಲೆ ತಿರುಗಬಹುದು. ನಡುಕ ನಿಲ್ಲುವವರೆಗೆ ಬೈಕ್ ಹತ್ತಬೇಡಿ. ನಡುಕ ಕೆಟ್ಟದ್ದಲ್ಲ, ಮೈ ತನ್ನ ಒಲೆಗೆ ಸೌದೆ ಹಾಕುವ ರೀತಿ ಅದು. ಹೆದರಬೇಕಾದ್ದು ಮಾತು ತೊದಲಿದಾಗ, ನಡಿಗೆ ತಡವರಿಸಿದಾಗ, ಚಳಿ ಇದ್ದೂ ನಡುಕ ನಿಂತುಹೋದಾಗ. ಒಳಮೈ 35 ಡಿಗ್ರಿಗಿಂತ ಕೆಳಗಿಳಿದಿರಬಹುದು. ಅಂಥವರನ್ನು ಮಲಗಿಸಿ, ಕಂಬಳಿ ಹೊದಿಸಿ, ಕೈಕಾಲು ಉಜ್ಜದೆ, 108ಕ್ಕೆ ಫೋನ್ ಮಾಡಿ.

ದಿನವೂ ಮಾಡಿದರೆ ಸಿಗುವುದು, ಸಿಗದಿರುವುದು

ಸ್ನಾನ ಮುಗಿದ ಮೇಲಿನ ಆ ಲವಲವಿಕೆ ಸುಳ್ಳಲ್ಲ. 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 14 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಕೂತ ಯುವಕರ ರಕ್ತದಲ್ಲಿ ಮೈಯನ್ನು ಎಚ್ಚರಗೊಳಿಸುವ ನೋರ್‌ಅಡ್ರಿನಲಿನ್ 530 ಶೇಕಡಾ, ಹುರುಪು ಕೊಡುವ ಡೋಪಮಿನ್ 250 ಶೇಕಡಾ ಏರಿತ್ತು. ಈ ಅಂಕಿಗಳನ್ನು ಈಗ ಎಲ್ಲರೂ ಹೇಳುತ್ತಾರೆ, ಅದರ ಹಿಂದಿನ "ಒಂದು ಗಂಟೆ"ಯನ್ನು ಬಿಟ್ಟು. ನಮ್ಮ ಒಂದು ನಿಮಿಷದ ಚೊಂಬಿನ ಸ್ನಾನಕ್ಕೆ ಆ ಅಂಕಿಯನ್ನು ಹಚ್ಚುವುದು ತಪ್ಪು.

2025ರ ಆರಂಭದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 11 ಅಧ್ಯಯನಗಳನ್ನು, 3,177 ಜನರ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿದರು. ತಣ್ಣೀರಿಗಿಳಿದ ಕೂಡಲೇ ಮತ್ತು ಒಂದು ಗಂಟೆಯ ನಂತರ ಉರಿಯೂತದ ಗುರುತುಗಳು ಕಡಿಮೆಯಾಗುವ ಬದಲು ಹೆಚ್ಚಿದ್ದವು. ಮನಸ್ಸಿನ ಒತ್ತಡ ಇಳಿದದ್ದು ತಕ್ಷಣವಲ್ಲ, ಹನ್ನೆರಡು ಗಂಟೆಯ ನಂತರ. ಅಂದರೆ ತಣ್ಣೀರು ಮೈಗೆ ಮೊದಲು ಒಂದು ಸಣ್ಣ ಏಟು, ಆಮೇಲೆ ಮೈ ಚೇತರಿಸಿಕೊಳ್ಳುವಾಗ ಸಿಗುವುದು ಲಾಭ. ಏಟು ಸಣ್ಣದಾಗಿದ್ದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ.

ಬೊಜ್ಜು ಕರಗುತ್ತದೆಯೇ ಎಂದು ಕೇಳದವರಿಲ್ಲ. ಹಸುಗೂಸುಗಳ ಬೆನ್ನಲ್ಲಿ ಕಂದು ಕೊಬ್ಬು ಇರುತ್ತದೆ, ಅದು ಕೂಡಿಟ್ಟ ಕೊಬ್ಬಲ್ಲ, ಸುಟ್ಟು ಬಿಸಿ ಕೊಡುವ ಕೊಬ್ಬು. ದೊಡ್ಡವರಲ್ಲೂ ಕುತ್ತಿಗೆ, ಕತ್ತೆಲುಬಿನ ಸುತ್ತ ಅದು ಉಳಿದಿದೆ ಎಂದು 2009ರಲ್ಲಿ ಖಚಿತವಾಯಿತು, ಚಳಿಗೆ ಅದು ಚುರುಕಾಗುತ್ತದೆ ಎಂಬುದೂ ನಿಜ. ಆದರೆ ಅದರ ಪ್ರಮಾಣ ಬಹಳ ಕಡಿಮೆ, ತಣ್ಣೀರು ಸ್ನಾನದ ನಂತರ ಹಸಿವೂ ಚೆನ್ನಾಗಿ ಆಗುತ್ತದೆ. ಇನ್ನೊಂದು ದೋಸೆ ತಿಂದರೆ ಲೆಕ್ಕ ಸಮ. ಹೊಟ್ಟೆ ಇಳಿಸಲು ತಣ್ಣೀರನ್ನು ನಂಬಬೇಡಿ.

ಸಕ್ಕರೆ ಕಾಯಿಲೆಯವರಿಗೆ ಕುತೂಹಲದ ಒಂದು ಫಲಿತಾಂಶವಿದೆ. ಟೈಪ್ 2 ಡಯಾಬಿಟಿಸ್ ಇದ್ದ ಎಂಟು ಜನ ಹತ್ತು ದಿನ, ದಿನದ ಹಲವು ಗಂಟೆ 14-15 ಡಿಗ್ರಿಯ ಕೋಣೆಯಲ್ಲಿ ಕೂತಾಗ ಇನ್ಸುಲಿನ್‌ಗೆ ಅವರ ಮೈ ಸ್ಪಂದಿಸುವುದು ಸುಮಾರು 43 ಶೇಕಡಾ ಸುಧಾರಿಸಿತು. ಆದರೆ ಅದು ತಣ್ಣನೆಯ ಗಾಳಿ, ತಣ್ಣೀರಲ್ಲ. ಜನ ಎಂಟೇ. ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ.

ಕಸರತ್ತು ಮಾಡುವವರಿಗೆ ಒಂದು ಖಚಿತ ಸಲಹೆ. ಓಡಿ, ಆಡಿ ಬಂದ ಮೈನೋವಿಗೆ 10-15 ಡಿಗ್ರಿಯ ನೀರು ಅಷ್ಟಿಷ್ಟು ಆರಾಮ ಕೊಡುತ್ತದೆ. ಆದರೆ ಭಾರ ಎತ್ತಿ ಸ್ನಾಯು ಬೆಳೆಸುವವರು ವ್ಯಾಯಾಮದ ಬೆನ್ನಿಗೇ ತಣ್ಣೀರಿಗಿಳಿಯಬಾರದು. 2015ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಹನ್ನೆರಡು ವಾರ ಹಾಗೆ 10 ಡಿಗ್ರಿಯಲ್ಲಿ ಹತ್ತು ನಿಮಿಷ ಕೂತವರ ಸ್ನಾಯು, ಶಕ್ತಿ ಎರಡೂ ಉಳಿದವರಿಗಿಂತ ಕಡಿಮೆ ಬೆಳೆದವು. ಸಂಜೆ ಜಿಮ್ಮಿಗೆ ಹೋಗುವವರು ತಣ್ಣೀರನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಬಚ್ಚಲಿನಿಂದ ಹೊರಗೆ: ನದಿ, ಸರೋವರ

ಚಾರ್‌ಧಾಮ್‌ಗೆ ಹೋಗುವ ನಮ್ಮ ಕಡೆಯವರು ಗಂಗೋತ್ರಿಯಲ್ಲಿ ಮುಳುಗುವ ಆಸೆ ಹೊತ್ತೇ ಹೋಗುತ್ತಾರೆ. ಅಲ್ಲಿನ ಭಾಗೀರಥಿ ಗೋಮುಖದ ಹಿಮನದಿಯಿಂದ ಕರಗಿ ಬರುವ ನೀರು, ಊರಿರುವುದು ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿಗೂ ಮೇಲೆ. ಎತ್ತರಕ್ಕೆ ಮೊದಲೇ ಏದುಸಿರು, ಅದರ ಮೇಲೆ ಈ ನೀರು. ಊರಲ್ಲಿ ಒಂದು ತಿಂಗಳು ಟ್ಯಾಂಕಿನ ನೀರಲ್ಲಿ ಪಳಗಿ ಹೋಗಿ. ಅಲ್ಲಿಯೂ ಘಟ್ಟದ ಸರಪಳಿ ಹಿಡಿದು, ಚೊಂಬಿನಲ್ಲಿ ಮೊಗೆದು ಕಾಲಿನಿಂದ ಶುರುಮಾಡಿ. ಬಿಪಿ, ಹೃದಯದ ತೊಂದರೆಯ ಹಿರಿಯರಿಗೆ ತಲೆಗೆ ಪ್ರೋಕ್ಷಣೆ ಸಾಕು. ಪುಣ್ಯಕ್ಕೆ ಅದರಿಂದ ಕೊರತೆಯಾಗದು ಎಂದು ಅವರಿಗೆ ಮನೆಯವರೇ ಮೊದಲೇ ಹೇಳಿ ಒಪ್ಪಿಸಿರಬೇಕು, ನದಿಯ ದಡದಲ್ಲಿ ಒಪ್ಪಿಸಲಾಗುವುದಿಲ್ಲ.

ಇಂಗ್ಲೆಂಡ್, ಜರ್ಮನಿ, ಕೆನಡಾಗಳಲ್ಲಿರುವ ನಮ್ಮ ಹುಡುಗರು ಬೇಸಿಗೆ ಬಂತೆಂದು ಸರೋವರಕ್ಕೆ ಹಾರುವುದು ಇನ್ನೊಂದು ಅಪಾಯ. ಬಿಸಿಲು 28 ಡಿಗ್ರಿ ಇದ್ದರೂ ಮೇ ತಿಂಗಳ ಸರೋವರ 12 ಡಿಗ್ರಿ ಇರಬಹುದು. ಹಾರಬೇಡಿ, ನಡೆದು ಇಳಿಯಿರಿ. ಒಬ್ಬರೇ ಹೋಗಬೇಡಿ. ಅಕಸ್ಮಾತ್ ಬಿದ್ದರೆ ಈಜಲು ಹೋಗದೆ ಮೊದಲ ಒಂದು ನಿಮಿಷ ಅಂಗಾತ ತೇಲಿ, ಉಸಿರು ಹತೋಟಿಗೆ ಬಂದ ಮೇಲೆ ದಡದ ಯೋಚನೆ ಮಾಡಿ.

ನಡುವೆ ಬಿಟ್ಟುಹೋದರೆ

ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ ಸಮುದ್ರಕ್ಕೆ ಮುಳುಗಿ ಚಿಪ್ಪು, ಪಾಚಿ ತೆಗೆಯುವ ಹೆಂಗಸರಿದ್ದಾರೆ, ಹೇನ್ಯೋ ಎಂದು ಕರೆಯುತ್ತಾರೆ. ಬರೀ ಹತ್ತಿಬಟ್ಟೆ ಉಟ್ಟು ಚಳಿಗಾಲದ ಸಮುದ್ರಕ್ಕಿಳಿಯುತ್ತಿದ್ದ ಕಾಲದಲ್ಲಿ, 1960ರ ದಶಕದಲ್ಲಿ ಅವರನ್ನು ಅಳೆದಾಗ, ಬೇರೆಯವರು ನಡುಗುವಷ್ಟು ತಣ್ಣೀರಿಗೆ ಅವರು ನಡುಗುತ್ತಿರಲಿಲ್ಲ. 1970ರ ದಶಕದಲ್ಲಿ ರಬ್ಬರಿನ ವೆಟ್‌ಸೂಟ್ ಬಂತು. ಕೆಲವೇ ವರ್ಷಗಳಲ್ಲಿ ಆ ವಿಶೇಷ ಶಕ್ತಿ ಅವರ ಮೈಯಿಂದ ಮಾಯವಾಯಿತು. ಅಷ್ಟು ಆಳದ ಹೊಂದಾಣಿಕೆ ದಿನವೂ ನೀರಿಗಿಳಿಯುವವರೆಗೆ ಮಾತ್ರ ಉಳಿಯುತ್ತದೆ.

ಉಸಿರಿನ ಪಳಗುವಿಕೆ ಅಷ್ಟು ಬೇಗ ಹೋಗುವುದಿಲ್ಲ. ಟಿಪ್ಟನ್ ಅವರ ತಂಡ ನೋಡಿದಾಗ ಹದಿನಾಲ್ಕು ತಿಂಗಳ ನಂತರವೂ ಅದರ ಒಂದು ಪಾಲು ಉಳಿದೇ ಇತ್ತು. ಹಾಗೆಂದು ಎರಡು ತಿಂಗಳು ಬಿಟ್ಟು ಬಂದವರು ಬಿಟ್ಟಲ್ಲಿಂದಲೇ ಹಿಡಿಯಬೇಡಿ. ನೀರಿನ ಉಷ್ಣತೆ ಮತ್ತೆ ಅಳೆಯಿರಿ, ಋತು ಬದಲಾಗಿರುತ್ತದೆ. ಹದಿನೈದು ಸೆಕೆಂಡಿನಿಂದ, ಪಾದದಿಂದ, ಬಾಗಿಲ ಚಿಲಕ ಹಾಕದೆ ಮೂರು ದಿನ ಮಾಡಿ. ನಾಲ್ಕನೇ ದಿನ ಹೆಗಲಿನ ಚೊಂಬಿಗೆ ಸಾಲು ತುಂಡಾಗದೆ ಬಂದರೆ ಹಳೆಯ ಹೊತ್ತಿಗೆ ಹೋಗಿ, ಬರದಿದ್ದರೆ ಇನ್ನೂ ನಾಲ್ಕು ದಿನ ಅಲ್ಲೇ ಇರಿ.